ಫಿನ್‌ಲೆಂಡಿನಲ್ಲಿ ಒಂದು ಕಪ್ಪೆ, ಒಂದು ಹೆಬ್ಬೆರಳು

ವಿಮಾನ ನಿಲ್ದಾಣ

ಫಿನ್‌ಲೆಂಡ್ ದೇಶದ ನೆಲದ ಮೇಲೆ ನಾನು ಆಡಿದ ಮೊದಲ ಮಾತು, "ಇದು ಕಪ್ಪೆಗೆ."

ಕಸ್ಟಮ್ಸ್ ಮೇಜಿನ ಹಿಂದೆ ನಿಂತಿದ್ದ ಎತ್ತರದ ಅಧಿಕಾರಿ ನನ್ನ ಚೀಲದಿಂದ ಹುಣಸೆಬೀಜದ ಪೊಟ್ಟಣ ಹೊರತೆಗೆದು, ಇದೇನು, ಯಾರಿಗೆ ಎಂದು ಕೇಳಿದ್ದರು. ವಿಮಾನದಲ್ಲಿ ಕಣ್ಣು ಮುಚ್ಚದೆ ಕೂತು ಬಂದಿದ್ದ ನನಗೆ ಬೇರೆ ಉತ್ತರ ಹೊಳೆಯಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಚೀಲದೊಳಗೆ ಇನ್ನೊಮ್ಮೆ ಕೈಹಾಕಿದರು. ಹಸಿರು ಬಟ್ಟೆಯ ಕಪ್ಪೆ ಸಿಕ್ಕಿತು. ಅದರ ಒಂದು ಕಣ್ಣು ಕರಿಮಣಿ, ಇನ್ನೊಂದು ಕಣ್ಣು ಅಂಗಿಯ ಗುಂಡಿ. ಅಧಿಕಾರಿ ಕಪ್ಪೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಮ್ಮ ಕಡೆಯಾಗಿದ್ದರೆ ಇಷ್ಟರಲ್ಲಿ ಹತ್ತು ಜನ ಸೇರಿ, ಕಪ್ಪೆ ಕೈಯಿಂದ ಕೈಗೆ ಹೋಗಿ, ಮಾತು ನಮ್ಮ ಅಪ್ಪ ಯಾರು, ನನಗೆ ಮದುವೆ ಆಗಿದೆಯೇ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಇವರು ಬೀಜವನ್ನು ಪಕ್ಕದ ಡಬ್ಬಿಗೆ ಹಾಕಿ, ಕಪ್ಪೆಯನ್ನು ಮೆಲ್ಲಗೆ ಚೀಲದೊಳಗೆ ಮಲಗಿಸಿ, ಜಿಪ್ ಎಳೆದು, "ಸ್ವಾಗತ" ಎಂದರು. ಮುಗಿಯಿತು.

ಆ ಕಪ್ಪೆ ಹುಟ್ಟಿದ್ದೇ ಅವರ ದೇಶದಲ್ಲಿ. ಅಂಚೆಯಲ್ಲಿ ನಮ್ಮ ಕಡೆಗೆ ಬಂದು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಂಗನವಾಡಿಗಳನ್ನೆಲ್ಲ ಸುತ್ತಿ, ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು, ಒಂದು ಕಣ್ಣು ಕಳೆದುಕೊಂಡು ಈಗ ತವರಿಗೆ ಹೊರಟಿತ್ತು. ಹೋದ ಕಣ್ಣಿನ ಜಾಗಕ್ಕೆ ಗುಂಡಿ ಹೊಲಿದುಕೊಟ್ಟವರು ಚನ್ನರಾಯಪಟ್ಟಣದ ಒಬ್ಬ ಟೀಚರಮ್ಮ. ನನಗಂತೂ ಆ ಕಪ್ಪೆಯ ಮೇಲೆ ಅಸೂಯೆ. ಅದಕ್ಕೆ ಎಲ್ಲಿ ಹೋದರೂ ಮರ್ಯಾದೆ ಸಿಗುತ್ತಿತ್ತು.

ನನ್ನ ಹೆಸರು ಮಾನಸ. ಊರು ಹೊಳೆನರಸೀಪುರ. ಅವ್ವ ತೆಂಗಿನಕಾಯಿ ವ್ಯಾಪಾರ ಮಾಡುತ್ತಾಳೆ. ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪಿಎಚ್‌ಡಿಗೆ ಸೇರಿ ಆಗ ಎರಡನೇ ವರ್ಷ. ಮನಶ್ಶಾಸ್ತ್ರ ಎಂದರೆ ನಮ್ಮ ನೆಂಟರ ಲೆಕ್ಕದಲ್ಲಿ ಹುಚ್ಚು ಬಿಡಿಸುವ ವಿದ್ಯೆ. ನಾನು ಮಾಡುವುದು ಬೇರೆ, ಪುಟ್ಟ ಮಕ್ಕಳು ಎಣಿಕೆ ಕಲಿಯುವುದು ಹೇಗೆ ಎಂದು ನೋಡುವುದು. ಇದನ್ನು ವಿವರಿಸಿದರೆ ಅವರ ಮುಖ ಇನ್ನೂ ಚಿಕ್ಕದಾಗುತ್ತದೆ. ಹುಚ್ಚಾದರೂ ಬಿಡಿಸಿದ್ದರೆ ಒಂದು ಕೆಲಸಕ್ಕೆ ಬರುತ್ತಿದ್ದಳು ಎಂಬ ಹಾಗೆ ನೋಡುತ್ತಾರೆ.

ನಮ್ಮ ಪ್ರಯೋಗ ಇಷ್ಟೇ. ಮಗುವಿನ ಮುಂದೆ ಒಂದು ಪುಟ್ಟ ಪರದೆ. ಅದು ಮೇಲೆ ನಿಲ್ಲಬೇಕಾದರೆ ಮಗು ಒಂದು ಕೈಯಲ್ಲಿ ದಾರ ಹಿಡಿದಿರಬೇಕು. ಪರದೆಯಾಚೆ ಕಪ್ಪೆ ನೆಗೆಯುತ್ತದೆ. ಮಗು ಬಾಯಿಬಿಟ್ಟು ಎಣಿಸುವಂತಿಲ್ಲ. ಕೊನೆಗೆ, ಕಪ್ಪೆ ಎಷ್ಟು ಸಲ ನೆಗೆಯಿತೋ ಅಷ್ಟು ಬೀಜವನ್ನು ಅದರ ಬಟ್ಟಲಿಗೆ ಹಾಕಬೇಕು. ಇದನ್ನೇ ಫಿನ್‌ಲೆಂಡಿನ ಮಕ್ಕಳಿಗೂ ಮಾಡಿಸಿದ್ದರು, ಅಲ್ಲಿ ಬೀಜದ ಬದಲು ಮರದ ಗುಂಡಿಗಳು. ಎರಡೂ ಕಡೆಯ ವಿಡಿಯೊಗಳನ್ನು ಅಲ್ಲಿನ ಪ್ರಯೋಗಾಲಯದವರು ಕೂತು ನೋಡಿ, ಯಾವ ಮಗು ಬೆರಳು ಬಳಸಿತು, ಯಾವುದು ಬಳಸಲಿಲ್ಲ ಎಂದು ಗುರುತು ಹಾಕುತ್ತಿದ್ದರು. ಬೆರಳು ಬಿಚ್ಚಿದರೆ ಬಳಸಿತು ಎಂದು ಲೆಕ್ಕ.

ಆಮೇಲೆ ಒಂದು ದಿನ ಅಲ್ಲಿನ ಪ್ರೊಫೆಸರ್ ಕೈಸಾ ಅವರಿಂದ ಇ-ಮೇಲ್ ಬಂತು. ಐದು ದಾಟಿದ ಕೂಡಲೇ ಅಲ್ಲಿನ ಮಕ್ಕಳು ತಪ್ಪುತ್ತಿದ್ದರು, ಏಕೆಂದರೆ ಬಿಡುವಾಗಿರುವುದು ಒಂದೇ ಕೈ, ಅದರಲ್ಲಿರುವುದು ಐದೇ ಬೆರಳು. ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಜನ ಬೆರಳು ಬಿಚ್ಚುವುದೇ ಇಲ್ಲ, ತುಟಿ ಅಲ್ಲಾಡಿಸುವುದೂ ಇಲ್ಲ, ಆದರೂ ಉತ್ತರ ಸರಿ. ಕೆಲವು ವಿಡಿಯೊಗಳಲ್ಲಿ ಬಾಗಿಲ ಬಳಿ ಯಾರದೋ ಬಟ್ಟೆಯ ಅಂಚು ಕಾಣುತ್ತಿದೆ ಎಂದು ಅವನ್ನು ನೋಡಿದ ವಿದ್ಯಾರ್ಥಿನಿ ಹೇಳುತ್ತಾಳೆ. ಯಾರಾದರೂ ಮಕ್ಕಳಿಗೆ ಉತ್ತರದ ಸುಳಿವು ಕೊಟ್ಟಿರಬಹುದೇ? ಹಾಗಿದ್ದರೆ ಹಾಸನದ ಮಕ್ಕಳ ಭಾಗವನ್ನು ಪ್ರಬಂಧದಿಂದ ಕೈಬಿಡುವುದೇ ಸರಿ. ಬನ್ನಿ, ಕೂತು ಮಾತಾಡೋಣ. ಕಾಗದದ ತುಂಬ ವಿನಯ. ಆ ವಿನಯದಿಂದಲೇ ನನಗೆ ಮೈ ಉರಿಯಿತು.

ಬಾಗಿಲ ಬಳಿ ಕಾಣುತ್ತಿದ್ದದ್ದು ನಮ್ಮ ತಾಲ್ಲೂಕಿನ ಹಳ್ಳಿಮೈಸೂರಿನ ಅಂಗನವಾಡಿ ಟೀಚರಮ್ಮನ ಸೆರಗು. ಒಳಗಿರುವ ಮಕ್ಕಳು ರಸ್ತೆಗೆ ಓಡದಿರಲಿ, ಹೊರಗಿರುವ ಮಕ್ಕಳು ಕಪ್ಪೆ ನೋಡಲು ನುಗ್ಗದಿರಲಿ ಎಂದು ಆಕೆ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿದ್ದರು ಬೇರೆ. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ನಾನೇ ಅಲ್ಲಿದ್ದೆ. ಆದರೆ ಹಾಗಾದರೆ ಮಕ್ಕಳು ಎಣಿಸಿದ್ದು ಹೇಗೆ ಎಂದು ಕೇಳಿದರೆ ನನ್ನ ಬಳಿಯೂ ಉತ್ತರವಿರಲಿಲ್ಲ. ಕೈಬಿಟ್ಟರೆ ಒಂದು ವರ್ಷದ ನನ್ನ ಕೆಲಸವೆಲ್ಲ ನೀರಲ್ಲಿ ಹೋಮ. ಅದಕ್ಕಿಂತ ದೊಡ್ಡದಾಗಿ, ಆ ಮಕ್ಕಳ ಮೇಲೆ, ಆ ಟೀಚರಮ್ಮಂದಿರ ಮೇಲೆ ಒಂದು ಕಳಂಕ ಹಾಗೇ ಉಳಿದುಬಿಡುತ್ತದೆ.

ಅವ್ವನಿಗೆ ವಿಷಯ ಹೇಳಿದಾಗ ಅವಳು ಕಾಯಿ ರಾಶಿಯ ಪಕ್ಕ ನಿಂತಿದ್ದಳು.

"ಅಂಗಂದ್ರೆ ನಮ್ ಮಕ್ಳು ಕಳ್ರು ಅಂದಂಗಾಯ್ತಲ್ಲ," ಅಂದಳು.

"ಹಾಗೆ ಅಂದಿಲ್ಲ ಅವ್ವ. ಅನುಮಾನ ಅಂದಿದ್ದಾರೆ."

"ಎರಡೂ ಒಂದೇ ಕಣೆ. ಓಗು, ಓಗಿ ಎದುರಿಗ್ ಕೂತ್ಕಂಡು ಕೇಳ್ಕಂಡ್ ಬಾ. ಅಳ್ಕಂಡ್ ಮಾತ್ರ ಬರ್ಬ್ಯಾಡ."

ಬಸ್ ಸ್ಟಾಪು

ನಾನು ಹೋದ ಊರು ದೊಡ್ಡದೊಂದು ಸರೋವರದ ದಂಡೆಯಲ್ಲಿದೆ. ಅದರ ಹೆಸರನ್ನು ಅಲ್ಲಿರುವಷ್ಟು ದಿನವೂ ತಪ್ಪಾಗಿಯೇ ಹೇಳಿದೆ, ಇಲ್ಲಿ ಬರೆದು ಇನ್ನೊಮ್ಮೆ ತಪ್ಪು ಮಾಡುವುದಿಲ್ಲ. ಮೇ ತಿಂಗಳು. ನಮ್ಮಲ್ಲಿ ಬಿಸಿಲಿಗೆ ಹಂಚು ಕಾದಿರುವ ಕಾಲ, ಅಲ್ಲಿ ಮರಗಳಿಗೆ ಆಗಷ್ಟೇ ಎಲೆ ಚಿಗುರುತ್ತಿತ್ತು. ನಾನು ಸ್ವೆಟರಿನ ಮೇಲೆ ಸ್ವೆಟರು ಹಾಕಿ ಮೂಟೆಯಂತಾಗಿದ್ದರೆ ಅಲ್ಲಿನವರು ಬೇಸಿಗೆ ಬಂತೆಂದು ತೋಳಿಲ್ಲದ ಅಂಗಿ ತೊಟ್ಟು ಓಡಾಡುತ್ತಿದ್ದರು.

ಮೊದಲ ದಿನ ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜ ನಿಂತಿದ್ದರು. ಸಣ್ಣಗೆ ಹನಿಯುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅಜ್ಜ ಸ್ವಲ್ಪ ಸರಿದರು. ನನಗೆ ಜಾಗ ಬಿಡುತ್ತಿದ್ದಾರೆಂದು ತಿಳಿದು, ಉಪಕಾರ ಸ್ಮರಣೆಯಿಂದ ಆ ಜಾಗಕ್ಕೆ ಸರಿದೆ. ಅವರು ಇನ್ನೂ ಸರಿದರು. ನಾನೂ ಸರಿದೆ. ಹೀಗೇ ಆಗಿ ಕೊನೆಗೆ ಆ ಹಿರಿಯರು ಚಾವಣಿಯಿಂದ ಆಚೆ ಹೋಗಿ ಮಳೆಯಲ್ಲಿ ನಿಂತರು. ಆಗಲೂ ಬಾಯಿ ಬಿಡಲಿಲ್ಲ. ಹಾಸನದ ಬಸ್ ನಿಲ್ದಾಣದಲ್ಲಿ, ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವಳು ನಾನು. ಮನುಷ್ಯರಿಬ್ಬರ ನಡುವೆ ಇನ್ನೊಬ್ಬ ಮನುಷ್ಯ ಮಲಗುವಷ್ಟು ಜಾಗ ಬಿಡಬೇಕೆಂದು ನನಗೆ ಯಾರು ಹೇಳಿಕೊಟ್ಟಿದ್ದರು?

ನನ್ನನ್ನು ಕರೆದೊಯ್ಯಲು ಬಂದಿದ್ದ ಐನೊ ಇದನ್ನೆಲ್ಲ ರಸ್ತೆಯಾಚೆಯಿಂದ ನೋಡಿದ್ದಳು. ಅವಳೂ ನನ್ನ ಹಾಗೆಯೇ ಸಂಶೋಧನಾ ವಿದ್ಯಾರ್ಥಿನಿ, ಕೈಸಾ ಅವರ ಶಿಷ್ಯೆ. ಸದಾ ಒಂದು ಹಳದಿ ಮಳೆಕೋಟು ತೊಟ್ಟಿರುತ್ತಿದ್ದಳು. ನಮ್ಮ ಮಕ್ಕಳ ವಿಡಿಯೊಗಳನ್ನೆಲ್ಲ ಕೂತು ನೋಡಿ ಗುರುತು ಹಾಕಿದವಳು ಇವಳೇ. ಜಗಳ ಕಾಯಬೇಕೆಂದೇ ನಾನು ಹೊರಟು ಬಂದಿದ್ದೆ. ಅವಳು ನನ್ನ ದೊಡ್ಡ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು, "ಕಪ್ಪೆ ಆರೋಗ್ಯವಾಗಿದೆಯಾ?" ಎಂದು ಕೇಳಿದಳು. ಅಂಥವಳ ಹತ್ತಿರ ಜಗಳ ಕಾಯುವುದು ಹೇಗೆ? ಮುಂದೂಡಿದೆ.

ಪ್ರಯೋಗಾಲಯದ ಹತ್ತಿರ ಒಂದು ಕಾಫಿ ಅಂಗಡಿ. ಅದರ ಹೊರಗೆ, ಆ ಚಳಿಯಲ್ಲಿ, ತಳ್ಳುಗಾಡಿಯೊಳಗೆ ಒಂದು ಕೂಸು ಮಲಗಿತ್ತು. ಸುತ್ತ ಒಂದು ನರಪಿಳ್ಳೆಯಿಲ್ಲ. ನಾನು ಮಕ್ಕಳ ಮನಸ್ಸು ಓದಲು ಹೊರಟವಳು, ಬಿಟ್ಟು ಹೋಗುವುದುಂಟೇ? ಐನೊ ಒಳಗೆ ಏನೋ ತರಲು ಹೋಗಿದ್ದಳು. ನಾನು ಗಾಡಿಯ ಪಕ್ಕ ಕಾವಲು ನಿಂತೆ. ತುಸು ಹೊತ್ತಿಗೆ ಒಬ್ಬ ಹೆಂಗಸು ಹೊರಬಂದು, "ನಿಮಗೆ ಏನಾದರೂ ಬೇಕಾಗಿತ್ತೇ?" ಎಂದು ಕೇಳಿದಳು. ಮಗು ಒಂಟಿಯಾಗಿದೆ ಎಂದೆ. "ಹೌದು, ನಿದ್ದೆ ಮಾಡುತ್ತಿದೆ," ಎಂದಳು. ಅವಳೇ ತಾಯಿ. ಗಾಜಿನಾಚೆ ಕೂತು ಕಾಫಿ ಕುಡಿಯುತ್ತ ನನ್ನ ಮೇಲೆ ಕಣ್ಣಿಟ್ಟಿದ್ದಳಂತೆ. ತಣ್ಣನೆ ಗಾಳಿಯಲ್ಲಿ ಕೂಸಿಗೆ ಒಳ್ಳೆ ನಿದ್ದೆ ಬರುತ್ತದೆ ಎಂಬುದು ಅಲ್ಲಿನವರ ನಂಬಿಕೆ. ನಮ್ಮ ಹಳ್ಳಿಮೈಸೂರಿನಲ್ಲಿ ಹೊರಗಡೆ ಹೀಗೆ ಕೂಸು ಮಲಗಿಸಿದ್ದರೆ ಮೂರು ಜನ ಅಜ್ಜಿಯರು ಬಂದು, ಟೋಪಿ ಹಾಕಿ, ಕೆನ್ನೆಗೆ ಕಪ್ಪು ಬೊಟ್ಟಿಟ್ಟು, ತಾಯಿಗೆ ಸಹಸ್ರನಾಮ ಮಾಡಿ ಹೋಗಿರುತ್ತಿದ್ದರು. ಆ ಹೆಂಗಸಿಗೆ ನಾನು ಮಕ್ಕಳ ಕಳ್ಳಿಯಂತೆ ಕಂಡೆ, ನನಗೆ ಅವಳು ಕಟುಕಿಯಂತೆ ಕಂಡಿದ್ದಳು. ಇಬ್ಬರೂ ನಕ್ಕೆವು.

ಕಾಫಿ ಕೋಣೆ

ಪ್ರಯೋಗಾಲಯದಲ್ಲಿ ನನ್ನನ್ನು ಮೊದಲು ಸೋಲಿಸಿದ್ದು ಕಾಫಿ.

ಅಲ್ಲಿ ಜವಾನರಿಲ್ಲ. ಪ್ರೊಫೆಸರಿಂದ ಹಿಡಿದು ನಿನ್ನೆ ಸೇರಿದ ವಿದ್ಯಾರ್ಥಿಯವರೆಗೆ ಎಲ್ಲರೂ ಸರದಿಯ ಮೇಲೆ ಕಾಫಿ ಮಾಡಬೇಕು. ನಾನು ಬಂದ ಮರುದಿನವೇ ನನ್ನ ಸರದಿ. ಹಾಸನ ಜಿಲ್ಲೆಯವಳಿಗೆ ಕಾಫಿ ಮಾಡಲು ಹೇಳಿದರೆ ಹೇಗಿರಬೇಕು? ಎದೆಯುಬ್ಬಿಸಿಕೊಂಡು ಹೋದೆ. ಅವರ ಯಂತ್ರಕ್ಕೆ ನಮ್ಮನೆ ಫಿಲ್ಟರಿನ ಲೆಕ್ಕದಲ್ಲಿ ಪುಡಿ ಸುರಿದೆ. ಇಳಿದದ್ದು ಶುದ್ಧ ಡಿಕಾಕ್ಷನ್. ಹಾಲು ಬೆರೆಸುವವರು ಯಾರೂ ಇರಲಿಲ್ಲ. ಹನ್ನೊಂದು ಜನ ಅದನ್ನು ಬಟ್ಟಲು ತುಂಬ ಬಗ್ಗಿಸಿಕೊಂಡು, ಒಂದು ಮಾತಾಡದೆ, ಕಷಾಯ ಕುಡಿಯುವ ಮಕ್ಕಳ ಹಾಗೆ ಪೂರ್ತಿ ಕುಡಿದರು. ಕೈಸಾ ಮಾತ್ರ ಬಟ್ಟಲು ಕೆಳಗಿಟ್ಟು, "ತುಂಬಾ ಎಚ್ಚರವಾಯಿತು," ಎಂದರು. ಅದು ತಮಾಷೆಯೋ ಬೈಗುಳವೋ ನನಗೆ ತಿಳಿಯಲಿಲ್ಲ.

ಕೈಸಾ ಅರವತ್ತು ದಾಟಿದ ಹೆಂಗಸು. ಬೆಳ್ಳಿಗೂದಲು, ಗಟ್ಟಿ ಕೈ, ಕಡಿಮೆ ಮಾತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕಾಲುಚೀಲದಲ್ಲೇ ಪ್ರಯೋಗಾಲಯದೊಳಗೆ ಓಡಾಡುವುದನ್ನು ನೋಡಿದಾಗ ಪರವಾಗಿಲ್ಲ, ನಮ್ಮಂಥವರೇ ಎನ್ನಿಸಿತು. ಎಲ್ಲರೂ ಅವರನ್ನು ಕೈಸಾ ಎಂದೇ ಕರೆಯುತ್ತಿದ್ದರು. ನನ್ನ ನಾಲಿಗೆ ಅದಕ್ಕೆ ಒಪ್ಪಲಿಲ್ಲ. "ಮೇಡಂ" ಎಂದೆ. ಅವರು ಹಿಂತಿರುಗಿ ನೋಡಿ, ಇನ್ಯಾರೋ ಬಂದಿರಬಹುದೆಂದು ಹುಡುಕಿದರು.

ಮೊದಲ ಮಾತುಕತೆ ಕೆಟ್ಟದಾಗಿ ಹೋಯಿತು. ನಾನು ಬಿಸಿಯಾಗಿ ಮಾತಾಡಿದೆ. ಟೀಚರಮ್ಮನ ಸೆರಗಿನ ಕಥೆ ಹೇಳಿದೆ. ನಮ್ಮ ಮಕ್ಕಳು ಹಾಗೆ ಮಾಡುವವರಲ್ಲ ಎಂದೆ. ಅವರು ಪೂರ್ತಿ ಕೇಳಿದರು. ಆಮೇಲೆ ಸುಮ್ಮನೆ ಕೂತರು. ಅಲ್ಲಿನವರ ಆ ಮೌನವಿದೆಯಲ್ಲ, ಅದರಲ್ಲಿ ನಮ್ಮಂಥವರು ಮುಳುಗಿಯೇ ಹೋಗುತ್ತೇವೆ.

"ನಿಮ್ಮನ್ನು ನಾನು ನಂಬುತ್ತೇನೆ," ಎಂದರು ಕೊನೆಗೆ. "ಆದರೆ ಓದುವವರು ನನ್ನ ನಂಬಿಕೆಯನ್ನು ಓದುವುದಿಲ್ಲ. ಮಕ್ಕಳು ಹೇಗೆ ಎಣಿಸಿದರು, ತೋರಿಸಿ. ಶುಕ್ರವಾರದ ಸಭೆಯಲ್ಲಿ ತೀರ್ಮಾನ ಮಾಡೋಣ."

ಅವರ ಮಾತು ನ್ಯಾಯವಾಗಿತ್ತು. ಅದೇ ನನ್ನ ಸಂಕಟ.

ಶುಕ್ರವಾರದ ಬೆಳಿಗ್ಗೆ ಮತ್ತೆ ಕಾಫಿ ಸರದಿ ನನಗೇ ಬಂತು. ಸರದಿಯಿದ್ದವರು ತಡವಾಗಿ ಬಂದಿದ್ದರು. ಈ ಸಲ ಮರ್ಯಾದೆ ಕಳೆದುಕೊಳ್ಳಬಾರದೆಂದು ಐನೊಳನ್ನು ಪಕ್ಕಕ್ಕೆ ಕರೆದು, ಎಷ್ಟು ಜನಕ್ಕೆ ಎಷ್ಟು ಚಮಚ ಎಂದು ಕೇಳಿಕೊಂಡೆ. ತಲೆಗೊಂದು ಚಮಚ. ಸಭೆಯ ಕೋಣೆಗೆ ಇಣುಕಿ, ಅವ್ವ ಕಾಯಿ ಎಣಿಸುವಾಗ ಶುರು ಮಾಡುವಂತೆ ಮನಸ್ಸಿನಲ್ಲೇ ಒಂದು ಎನ್ನುವ ಬದಲು ಲಾಭ ಎಂದು, ಲಾಭ, ಎರಡು, ಮೂರು ಎಂದು ತಲೆ ಎಣಿಸಿಕೊಂಡೆ. ಬಂದು ಚಮಚ ಎತ್ತಿಕೊಂಡೆ.

ಐನೊ ನನ್ನ ಎಡಗೈಯನ್ನೇ ನೋಡುತ್ತಿದ್ದಳು.

"ನಿನ್ನ ಕೈ ನೋಯುತ್ತಿದೆಯಾ?" ಎಂದಳು.

"ಇಲ್ಲವಲ್ಲ. ಯಾಕೆ?"

"ಬೆರಳು ಉಜ್ಜಿಕೊಳ್ಳುತ್ತಿದ್ದೆ. ಬಂದಾಗಿನಿಂದ ನೋಡುತ್ತಿದ್ದೇನೆ, ಆಗಾಗ ಹೀಗೇ ಮಾಡುತ್ತೀಯ." ಆಮೇಲೆ ಏನೂ ಅಲ್ಲದ ಮಾತಿನ ಹಾಗೆ ಸೇರಿಸಿದಳು: "ನಿಮ್ಮ ಊರಿನ ಮಕ್ಕಳೂ ಹಾಗೇ ಮಾಡುತ್ತಾರೆ. ಪಾಪ, ಕ್ಯಾಮೆರಾ ನೋಡಿ ಹೆದರಿದ್ದಾರೆ ಅಂದುಕೊಂಡೆ. ಚಡಪಡಿಕೆ ಎಂದು ಗುರುತು ಹಾಕಿದ್ದೇನೆ."

ನಾನು ನನ್ನ ಎಡಗೈ ನೋಡಿಕೊಂಡೆ. ಹೆಬ್ಬೆರಳು ತೋರುಬೆರಳಿನ ನಡುಗೆರೆಯ ಮೇಲೆ ಕೂತಿತ್ತು. ಕಿರುಬೆರಳಿನ ಬುಡದಿಂದ ಹೊರಟು, ಒಂದೊಂದು ಬೆರಳಿಗೆ ಮೂರು ಮೂರು ಗೆರೆ ಮುಟ್ಟುತ್ತ, ಹನ್ನೊಂದಕ್ಕೆ ಬಂದು ನಿಂತಿತ್ತು. ಸಭೆಯಲ್ಲಿದ್ದವರು ಹನ್ನೊಂದು ಜನ.

ಹಾಗೆ ಎಣಿಸುವುದನ್ನು ನನಗೆ ಯಾರೂ ಕಲಿಸಿದ ನೆನಪಿಲ್ಲ. ಅವ್ವ ಹಾಗೇ ಎಣಿಸುತ್ತಾಳೆ, ತರಕಾರಿಯವಳು ಹಾಗೇ ಎಣಿಸುತ್ತಾಳೆ, ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಅಜ್ಜಿ ಹಾಗೇ ಎಣಿಸುತ್ತಿದ್ದಳು. ಉಸಿರಾಡುವ ಹಾಗೆ ಅದು. ಉಸಿರಾಡುವುದನ್ನು ಯಾರಾದರೂ ನಿಂತು ನೋಡುತ್ತಾರೆಯೇ? ಬೆರಳು ಬಳಸುವುದು ಎಂದರೆ ಬೆರಳು ಬಿಚ್ಚುವುದು ಎಂದು ಅವರು ಬರೆದು ಕಳಿಸಿದ್ದರು, ನಾನೂ ಹೌದೆಂದು ಒಪ್ಪಿದ್ದೆ. ಗೆರೆ ಎಣಿಸುವ ಕೈ ಹೊರಗಿನಿಂದ ಮುಚ್ಚಿದ ಮುಷ್ಟಿಯಂತೆ, ಸುಮ್ಮನೆ ಮಡಿಲಲ್ಲಿ ಬಿದ್ದಿರುವಂತೆ ಕಾಣುತ್ತದೆ.

ಚಮಚ ಅಲ್ಲೇ ಬಿಟ್ಟೆ. ಐನೊಳ ತೋಳು ಹಿಡಿದುಕೊಂಡೆ. ಅಲ್ಲಿ ಯಾರೂ ಯಾರನ್ನೂ ಹಾಗೆ ಹಿಡಿಯುವುದಿಲ್ಲ, ಅವಳು ಬೆಚ್ಚಿದಳು.

"ಚಡಪಡಿಕೆ ಎಂದು ಗುರುತು ಹಾಕಿದ ಮಕ್ಕಳು ಎಷ್ಟು ಜನ?"

"ತುಂಬಾ ಜನ," ಎಂದಳು.

"ಅವರ ಉತ್ತರ?"

"ಹೆಚ್ಚಿನವು ಸರಿ," ಎಂದಳು. ಅವಳ ಕಣ್ಣು ದೊಡ್ಡದಾಯಿತು. ಅಂದು ಸಭೆಗೆ ಕಾಫಿ ಹೋಗಲಿಲ್ಲ.

ವಿಡಿಯೊ ಕೋಣೆ

ಕೈಸಾ ಕುಣಿದಾಡಲಿಲ್ಲ. ನನ್ನ ಕೈ ನೋಡಿದರು, ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು, ತಾವೂ ಹೆಬ್ಬೆರಳು ಓಡಿಸಿ ನೋಡಿದರು. ಆಮೇಲೆ, "ಇದು ಒಳ್ಳೆಯ ಕಥೆ. ನಿಜವೋ ನೋಡೋಣ," ಎಂದರು.

ಅವರು ಹೂಡಿದ ಪರೀಕ್ಷೆ ಇದು. ವಿಡಿಯೊದ ಧ್ವನಿ ಮುಚ್ಚಬೇಕು. ಕಂಪ್ಯೂಟರ್ ಪರದೆಯ ಮೇಲರ್ಧಕ್ಕೆ ರಟ್ಟು ಅಂಟಿಸಬೇಕು. ಕಪ್ಪೆ ಕಾಣಬಾರದು, ಬಟ್ಟಲು ಕಾಣಬಾರದು, ಮಗುವಿನ ಮುಖವೂ ಕಾಣಬಾರದು. ಕಾಣಬೇಕಾದ್ದು ಮಡಿಲಲ್ಲಿರುವ ಕೈ ಒಂದೇ. ಐನೊ ವಿಡಿಯೊಗಳನ್ನು ಮೊದಲೇ ನೋಡಿದ್ದಾಳೆ, ನಾನು ಅಲ್ಲೇ ಇದ್ದವಳು, ನಾವಿಬ್ಬರೂ ಬೇಡ. ಅವನ್ನು ಇನ್ನೂ ನೋಡದ ಕೈಸಾ ಅವರೇ ನೋಡುತ್ತಾರೆ. ಹೆಬ್ಬೆರಳು ಎಲ್ಲಿ ನಿಂತಿತೋ ಅದರ ಮೇಲೆ, ಮಗು ಎಷ್ಟು ಬೀಜ ಹಾಕಿತೆಂದು ಹೇಳುತ್ತಾರೆ. ಸರಿಯೋ ತಪ್ಪೋ ಎಂದು ಐನೊ ನೋಡಿಕೊಳ್ಳುತ್ತಾಳೆ. ಹನ್ನೊಂದು ಜನವೂ ಆ ಇಕ್ಕಟ್ಟು ಕೋಣೆಯಲ್ಲಿ, ಒಬ್ಬರಿಗೊಬ್ಬರು ತಾಗಿಕೊಂಡೇ ನಿಂತರು. ಆ ದೇಶದಲ್ಲಿ ಅಷ್ಟು ಹತ್ತಿರ ನಿಂತ ಜನರನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಲನೆಯದು ಹಳ್ಳಿಮೈಸೂರಿನ ಲಿಖಿತಾಳ ವಿಡಿಯೊ. ಐದು ವರ್ಷದ ಹುಡುಗಿ. ಪ್ರಯೋಗ ಶುರುವಾಗುವ ಮುಂಚೆ, "ಕಪ್ಪೆ ಉಣಸೆಬೀಜ ತಿಂತದಾ ಮಿಸ್? ಒಟ್ಟೆ ನೋವು ಬರಲ್ವಾ?" ಎಂದು ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡಿದ್ದಳು. ಈಗ ರಟ್ಟಿನ ಕೆಳಗೆ ಅವಳ ಹೂವಿನ ಲಂಗ, ಅದರ ಮೇಲೆ ಒಂದು ಪುಟ್ಟ ಕೈ ಮಾತ್ರ ಕಾಣುತ್ತಿತ್ತು. ಹೆಬ್ಬೆರಳು ಕಿರುಬೆರಳಿನ ಬುಡಕ್ಕೆ ಹೋಯಿತು. ಹತ್ತಿತು. ಉಂಗುರ ಬೆರಳಿಗೆ ದಾಟಿತು. ನಡುಬೆರಳಿಗೆ ಬಂತು. ನಡುಬೆರಳಿನ ನಡುಗೆರೆಯ ಮೇಲೆ ನಿಂತಿತು.

"ಎಂಟು," ಎಂದರು ಕೈಸಾ.

"ಎಂಟು," ಎಂದಳು ಐನೊ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟದ್ದು ಕೇಳಿಸಿತು.

ಎರಡನೆಯದು ಅರಕಲಗೂಡಿನ ಮಗು. ಹೆಬ್ಬೆರಳು ಓಡಿತು, ಉಂಗುರ ಬೆರಳಿನ ಬುಡದ ಗೆರೆಯಲ್ಲಿ ನಿಂತಿತು. "ನಾಲ್ಕು," ಎಂದರು ಕೈಸಾ. ಐನೊ ತಲೆ ತಗ್ಗಿಸಿದಳು. "ಏಳು," ಎಂದಳು. ಮಗು ಹಾಕಿದ್ದು ಏಳು ಬೀಜ. ಕಪ್ಪೆ ನೆಗೆದದ್ದೂ ಏಳೇ ಸಲ.

ಮುಗಿಯಿತು ಅಂದುಕೊಂಡೆ. ಒಂದು ಸರಿ, ಒಂದು ತಪ್ಪು ಅಂದರೆ ನಾಣ್ಯ ಚಿಮ್ಮಿದ ಹಾಗೆ. ಅತ್ತುಕೊಂಡು ಬರಬೇಡ ಎಂದಿದ್ದ ಅವ್ವನ ಮಾತು ನೆನಪಾಯಿತು, ಅಳು ಬಂದೇಬಿಡುವ ಹಾಗಿತ್ತು. ಆಗ ನಮ್ಮ ಪಕ್ಕದ ಮನೆಯವರು ನೆನಪಾದರು. ಅವರು ಎಣಿಸುವುದು ತೋರುಬೆರಳಿನಿಂದ. ಅದಕ್ಕೇ ಅಜ್ಜಿ, "ಅವ್ರು ತಿರುಗಾ ಮುರುಗಾ" ಎಂದು ನಗುತ್ತಿದ್ದಳು.

"ದಯವಿಟ್ಟು ಶುರುವಿನಿಂದ ನೋಡಿ ಮೇಡಂ," ಎಂದೆ. "ಎಲ್ಲಿ ನಿಂತಿತು ಅನ್ನುವುದಷ್ಟೇ ಸಾಲದು, ಎಲ್ಲಿಂದ ಹೊರಟಿತು ನೋಡಿ."

ಹಿಂದಕ್ಕೆ ಓಡಿಸಿದರು. ಆ ಮಗುವಿನ ಹೆಬ್ಬೆರಳು ಹೊರಟಿದ್ದು ತೋರುಬೆರಳಿನ ಬುಡದಿಂದ. ತೋರುಬೆರಳಿಗೆ ಮೂರು, ನಡುಬೆರಳಿಗೆ ಮೂರು, ಉಂಗುರ ಬೆರಳಿನ ಬುಡದ ಗೆರೆ ಏಳು.

ಗುಂಪಿನಲ್ಲಿ ಗುಜುಗುಜು ಎದ್ದಿತು. ಕೈಸಾ ಕೈಯೆತ್ತಿದರು. "ಉತ್ತರ ಗೊತ್ತಾದ ಮೇಲೆ ನಿಯಮ ಮಾಡಿದರೆ ಅದು ಮೋಸ. ಇದನ್ನು ಬಿಟ್ಟುಬಿಡೋಣ. ನಿಯಮ ಈಗ ಮಾಡೋಣ. ಹೊರಟ ಜಾಗ, ನಿಂತ ಜಾಗ, ಎರಡೂ ನೋಡುತ್ತೇನೆ. ಇನ್ನು ಮುಂದಿನದಕ್ಕೆಲ್ಲ ಇದೇ ನಿಯಮ." ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದ ಗೌರವ ಅಷ್ಟಿಷ್ಟಲ್ಲ. ಈಕೆ ಗೆಲುವನ್ನೂ ಅಗ್ಗಕ್ಕೆ ಕೊಡುವವರಲ್ಲ, ಹಾಗಾಗಿ ಇವರು ಕೊಟ್ಟರೆ ಅದು ಗೆಲುವೇ.

ಮೂರನೆಯದು ಚನ್ನರಾಯಪಟ್ಟಣದ್ದು. "ಒಂಬತ್ತು," ಎಂದರು. ಒಂಬತ್ತು. ನಾಲ್ಕನೆಯದು ಹೊಳೆನರಸೀಪುರದ್ದು, ನಮ್ಮನೆ ಹಿಂದಿನ ಬೀದಿಯ ಮಗು. "ಆರು. ಅಲ್ಲ, ತಡೆಯಿರಿ, ಇನ್ನೊಂದು ಗೆರೆ ಹತ್ತಿತು. ಏಳು." ಏಳು. ಆಮೇಲೆ ಒಂದು ಮಗು ತಪ್ಪು ಎಣಿಸಿತ್ತು. ಕಪ್ಪೆ ಎಂಟು ಸಲ ನೆಗೆದಿದ್ದರೆ ಅದರ ಹೆಬ್ಬೆರಳು ಒಂದು ಗೆರೆ ಜಾರಿ ಒಂಬತ್ತಕ್ಕೆ ಹೋಗಿತ್ತು, ಬಟ್ಟಲಿಗೆ ಬಿದ್ದದ್ದೂ ಒಂಬತ್ತೇ ಬೀಜ. ಅದನ್ನು ಕೈಸಾ ಸರಿಯಾಗಿ ಒಂಬತ್ತು ಎಂದರು. ನಮ್ಮನ್ನು ಗೆಲ್ಲಿಸಿದ್ದು ಆ ತಪ್ಪು ಉತ್ತರವೇ. ಹೊರಗಿನವರು ಹೇಳಿಕೊಟ್ಟಿದ್ದರೆ ಮಗು ಎಂಟು ಹಾಕುತ್ತಿತ್ತು. ತನ್ನ ಬೆರಳನ್ನು ನಂಬಿದ್ದಕ್ಕೇ ಒಂಬತ್ತು ಹಾಕಿತ್ತು.

ಅವರು ನೋಡುತ್ತ ಹೋದರು. ಐನೊ ಕಾಫಿ ಬೇಕೇ ಎಂದಾಗ ಬೇಡವೆಂದರು. ಆ ಪ್ರಯೋಗಾಲಯದಲ್ಲಿ ಅವರು ಕಾಫಿ ಬೇಡ ಎಂದದ್ದು ಯಾರಿಗೂ ನೆನಪಿಲ್ಲವಂತೆ. ಅಲ್ಲೊಂದು ಇಲ್ಲೊಂದು ವಿಡಿಯೊದಲ್ಲಿ ಬೆರಳು ಸ್ಪಷ್ಟ ಕಾಣಲಿಲ್ಲ, ಉಳಿದವುಗಳಲ್ಲಿ ಕೈ ಹೇಳಿದ್ದೂ ಬಟ್ಟಲು ಹೇಳಿದ್ದೂ ಒಂದೇ. ಕೊನೆಗೆ ಕುರ್ಚಿ ತಿರುಗಿಸಿ ಎಲ್ಲರ ಎದುರು ಹೇಳಿದರು:

"ನಾನು ತಪ್ಪು ಅನುಮಾನ ಪಟ್ಟೆ. ಈ ಮಕ್ಕಳಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಒಂದೇ ಕೈಯಲ್ಲಿ ಹನ್ನೆರಡರವರೆಗೆ ಹೋಗುತ್ತಾರೆ, ನಮ್ಮ ಮಕ್ಕಳು ಐದಕ್ಕೆ ನಿಲ್ಲುತ್ತಾರೆ. ನಮ್ಮ ಪ್ರಬಂಧ ಹಾಸನದ ಮಕ್ಕಳನ್ನು ಕೈಬಿಡುವುದಿಲ್ಲ. ಅವರಿಂದಲೇ ಶುರುವಾಗುತ್ತದೆ. ಆ ಭಾಗವನ್ನು ಮಾನಸ ಬರೆಯಲಿ."

ನಾನು ಹೊರಗೆ ಹೋಗಿ, ಸರೋವರದ ಕಡೆ ಮುಖ ಮಾಡಿ, ಚೆನ್ನಾಗಿ ಅತ್ತೆ. ಅವ್ವ ಬೇಡವೆಂದಿದ್ದು ಸೋತು ಅಳುವುದನ್ನು. ಇದಕ್ಕೆ ಅವಳ ತಕರಾರು ಇರಲಾರದು. ಫೋನು ಮಾಡಿದೆ.

"ಅವ್ವ, ಗೆದ್ದೆ."

"ಎಂಗೆ?"

"ಗೆರೆ ಎಣಿಸಿದ್ರಂತೆ. ಬೆರಳಿನ ಗೆರೆ."

"ಇನ್ನೇನ್ ಎಣಿಸ್ತಾರೆ?" ಅಂದಳು ಅವ್ವ. "ಊಟ ಮಾಡು ಮಗಾ. ಒಟ್ಟೆ ತುಂಬ ಊಟ ಮಾಡು."

ಸೌನಾ

ಆ ಭಾನುವಾರ ಕೈಸಾ ನನ್ನನ್ನೂ ಐನೊಳನ್ನೂ ಕಾಡಿನೊಳಗಿದ್ದ ತಮ್ಮ ಮರದ ಮನೆಗೆ ಕರೆದೊಯ್ದರು. ಅಲ್ಲಿ ಸೌನಾ ಎಂಬ ಬಿಸಿ ಕೋಣೆ, ಅದರಲ್ಲಿ ಕೂತು ಬೆವರುವುದು ಅವರ ದೊಡ್ಡ ಆತಿಥ್ಯ. ಬಟ್ಟೆಯಿಲ್ಲದೆ ಕೂರುವುದು ಪದ್ಧತಿ. ನಾನು ಹೊಳೆನರಸೀಪುರದಿಂದ ತಂದಿದ್ದ ಹೂವಿನ ನೈಟಿ ತೊಟ್ಟು, ಮೇಲೊಂದು ಟವೆಲ್ ಹೊದ್ದು ಒಳಗೆ ಹೋದೆ. ಕೈಸಾ ನೈಟಿಯನ್ನು ನೋಡಿ, "ಇದೂ ಒಂದು ಪದ್ಧತಿಯೇ," ಎಂದು ಜಾಗ ಬಿಟ್ಟರು.

ಕಾದ ಕಲ್ಲಿನ ಮೇಲೆ ಅವರು ಸೌಟಿನಿಂದ ನೀರು ಸುರಿಯುತ್ತಿದ್ದರು, ಒಂದೊಂದು ಸಲವೂ ಆವಿ ಬುಸ್ಸೆಂದು ಏಳುತ್ತಿತ್ತು. ನೈಟಿ ಮೈಗೆ ಅಂಟಿ ನಾನು ಕಡುಬಿನಂತೆ ಬೇಯುತ್ತಿದ್ದೆ. ಅಷ್ಟರಲ್ಲಿ ಐನೊ ನನ್ನ ಪಕ್ಕೆ ತಿವಿದು ತೋರಿಸಿದಳು. ಕೈಸಾ ಅವರ ಬಿಡುವಿನ ಕೈ ಮಡಿಲಲ್ಲಿ ಮುಷ್ಟಿಯಾಗಿ ಕೂತಿತ್ತು. ಹೆಬ್ಬೆರಳು ಸೌಟಿಗೊಂದು ಗೆರೆಯಂತೆ ಮೇಲೆ ಹತ್ತುತ್ತಿತ್ತು.

ಹೊರಡುವ ಮುನ್ನಾ ದಿನ ಅವರು ನಮ್ಮ ಮಕ್ಕಳಿಗೆಂದು ಒಂದು ವಿಡಿಯೊ ಮಾಡಿಸಿಕೊಂಡರು. ಮಕ್ಕಳು ಕೂತ ಹಾಗೆ ಪುಟ್ಟ ಕುರ್ಚಿಯಲ್ಲಿ ಕೂತು, ಒಂದು ಕೈಯಲ್ಲಿ ದಾರ ಹಿಡಿದು, ಕಪ್ಪೆಯ ನೆಗೆತ ಎಣಿಸಿ, ಬಟ್ಟಲಿಗೆ ಗುಂಡಿ ಹಾಕಿದರು. ನಾನು ಕಪ್ಪೆ ನೆಗೆಸಿದೆ. ಐನೊ ಫೋನನ್ನು ಮೇಜಿಗೆ ಆನಿಸಿಟ್ಟು, ಯಾರೂ ಒಳಗೆ ಬರದಿರಲಿ ಎಂದು ಬಾಗಿಲಿಗೆ ಹೋಗಿ ನಿಂತಳು. ಕಪ್ಪೆ ಮಾತ್ರ ಅಲ್ಲಿ ಉಳಿಯಲಿಲ್ಲ. ಅದು ಇನ್ನು ಮೇಲೆ ಹಾಸನದ್ದು ಎಂದು ಕೈಸಾ ಅದನ್ನು ನನ್ನ ಚೀಲದಲ್ಲೇ ಇಟ್ಟರು.

ಹಳ್ಳಿಮೈಸೂರು

ಬಂದ ವಾರದಲ್ಲೇ ಹಳ್ಳಿಮೈಸೂರಿಗೆ ಹೋದೆ. ಟೀಚರಮ್ಮನಿಗೆ ಎಲ್ಲ ಹೇಳಿದೆ. ಅವರು ತಮ್ಮ ಸೆರಗನ್ನು ಒಮ್ಮೆ ನೋಡಿಕೊಂಡು, "ಈ ಸೆರಗು ಅಲ್ಲೀಗಂಟ ಓಗಿತ್ತಾ?" ಎಂದು ನಕ್ಕು ನಕ್ಕು ಸುಸ್ತಾದರು.

ಲಿಖಿತಾಳನ್ನು ಕೂರಿಸಿಕೊಂಡು ವಿಡಿಯೊ ತೋರಿಸಿದೆ. ಅವಳು ಕಪ್ಪೆಯನ್ನು ಮಡಿಲಲ್ಲಿಟ್ಟುಕೊಂಡು, ಕೆನ್ನೆಗೆ ಕೈಯೂರಿ ನೋಡಿದಳು. ಫೋನಿನಲ್ಲಿ ಕಪ್ಪೆ ನೆಗೆಯುತ್ತಿತ್ತು. ಬೆಳ್ಳಿಗೂದಲಿನ ಕೈಸಾ ಹುಬ್ಬು ಗಂಟಿಕ್ಕಿ ಎಣಿಸುತ್ತಿದ್ದರು. ಇಲ್ಲಿ ಲಿಖಿತಾಳ ಹೆಬ್ಬೆರಳೂ ಗೆರೆಯಿಂದ ಗೆರೆಗೆ ಹತ್ತುತ್ತಿತ್ತು. ಕೈಸಾ ಬಟ್ಟಲಿಗೆ ಒಂದೊಂದೇ ಗುಂಡಿ ಹಾಕಿ ಮುಗಿಸಿದರು.

"ಅಜ್ಜಿ ಎಣಿಸಿದ್ದು ಸರಿನಾ?" ಎಂದು ಕೇಳಿದೆ.

"ಸರಿ ಐತೆ," ಅಂದಳು. ಆದರೆ ಮುಖದಲ್ಲಿ ಏನೋ ಅನುಮಾನ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ತೋರಿಸಿದಳು. ಬಾಗಿಲ ಅಂಚಿನಲ್ಲಿ ಐನೊಳ ಹಳದಿ ಕೋಟಿನ ತೋಳು ಕಾಣುತ್ತಿತ್ತು.

"ಅಲ್ಲಿ ಯಾರೋ ನಿಂತವ್ರೆ ನೋಡಿ ಮಿಸ್," ಅಂದಳು ಲಿಖಿತಾ. "ಆ ಅಜ್ಜಿಗೆ ಅವ್ರೇ ಹೇಳ್ಕೊಟ್ಟವ್ರೆ."